ಹುಷಾರಾದ ಹೇಂಟೆಯನ್ನು ಮತ್ತೆ ಗುಂಪಿಗೆ ಬಿಡುವುದು: ನಾನು ಮಾಡಿ ನೋಡಿದ ಐದು ದಾರಿ

ನನ್ನ ಹೇಂಟೆ ಬೂದಿ 19 ದಿನ ಮನೆಯೊಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಇದ್ದಳು. ಅಂಗಾಲಿನಲ್ಲಿ ಗಂಟು ಕಟ್ಟಿ ಕೀವಾಗಿತ್ತು. ಕೋಳಿ ಸಾಕುವವರು ಬಂಬಲ್‌ಫುಟ್ ಅನ್ನುತ್ತಾರಲ್ಲ, ಅದೇ. ಪಟ್ಟಿ ಬಿಚ್ಚಿದ ದಿನ ಕುಂಟದೆ ನಡೆದಳು. ನನಗೋ ಖುಷಿ. ಎತ್ತಿಕೊಂಡು ಹೋಗಿ ಸೀದಾ ಹಿತ್ತಿಲಿಗೆ ಬಿಟ್ಟೆ. ಅವಳದೇ ಗೂಡು, ಅವಳ ಜೊತೆಗೇ ಬೆಳೆದ ಆರು ಕೋಳಿಗಳು. ಇನ್ನೇನು ಬೇಕು ಅಲ್ವಾ?

ಕೆಂಪಿ ಮೊದಲು ತಲೆ ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡಿದಳು. ಕತ್ತಿನ ಪುಕ್ಕವೆಲ್ಲ ಕೆದರಿ ಕೊಡೆ ಬಿಚ್ಚಿದ ಹಾಗೆ ನಿಂತಿತು. ಮರುಕ್ಷಣ ಹಾರಿ ಜುಟ್ಟಿಗೇ ಬಾಯಿ ಹಾಕಿದಳು. ಜುಟ್ಟಿಂದ ಒಂದು ಹನಿ ರಕ್ತ ಬಂದದ್ದೇ ತಡ, ಅಲ್ಲಿಯವರೆಗೆ ಸುಮ್ನೆ ಮಣ್ಣು ಕೆದಕುತ್ತಿದ್ದವರೂ ಓಡಿ ಬಂದರು. ರಕ್ತ ಕಂಡರೆ ಕೋಳಿಗಳು ಸಾಮಾನ್ಯವಾಗಿ ಕುಕ್ಕದೆ ಬಿಡುವುದಿಲ್ಲ. ಬೂದಿ ಮೂಲೆಗೆ ಹೋಗಿ ಗೋಡೆಯ ಸಂದಿಗೆ ತಲೆ ತೂರಿಸಿ, ಬೆನ್ನು ಒಡ್ಡಿ ಕೂತುಬಿಟ್ಟಳು. ಎರಡು ನಿಮಿಷವೂ ಆಗಿರಲಿಲ್ಲ. ಮತ್ತೆ ಅದೇ ರಟ್ಟಿನ ಪೆಟ್ಟಿಗೆ.

ಆಮೇಲಿನ ವರ್ಷಗಳಲ್ಲಿ ಬೇರೆ ಬೇರೆ ಕಾಯಿಲೆ, ಬೇರೆ ಬೇರೆ ಕೋಳಿ ಅಂತ ಐದು ದಾರಿಗಳನ್ನು ಮಾಡಿ ನೋಡಿದ್ದೇನೆ.

ಸೀದಾ ಬಿಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಚುಕ್ಕಿಗೆ ಮೊಟ್ಟೆ ಸಿಕ್ಕಿಹಾಕಿಕೊಂಡಾಗ ಎರಡು ರಾತ್ರಿ ಒಳಗಿಟ್ಟಿದ್ದೆ. ಮೂರನೇ ದಿನ ಎಲ್ಲರೂ ಕಾಳು ಹೆಕ್ಕುವುದರಲ್ಲಿ ಮುಳುಗಿದ್ದಾಗ ಬಿಟ್ಟೆ. ಯಾರೋ ಒಬ್ಬಳು ಒಂದು ಸಲ ಕುಕ್ಕಿದಳು, ಮುಗಿಯಿತು. ಎರಡು-ಮೂರು ದಿನದ ಗೈರುಹಾಜರಿಗೆ ಇದೇ ಸಾಕು, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ವಾರ ದಾಟಿತೋ, ನಾನಂತೂ ಈ ಸಾಹಸಕ್ಕೆ ಹೋಗುವುದಿಲ್ಲ.

ಇದಕ್ಕೆ ಕಾರಣವಿದೆ. 1921ರಲ್ಲೇ ನಾರ್ವೆಯ ಥಾರ್ಲೈಫ್ ಶೆಲ್ಡರುಪ್-ಎಬ್ಬೆ ಅನ್ನುವವನು ಕೋಳಿಗಳ ಈ ಮೇಲು-ಕೀಳಿನ ಬಗ್ಗೆ ಬರೆದ. ಯಾರು ಯಾರನ್ನು ಕುಕ್ಕಬಹುದು ಅನ್ನುವ ಲೆಕ್ಕ ಪ್ರತಿ ಗುಂಪಲ್ಲೂ ಇರುತ್ತದೆ. ಪೆಕಿಂಗ್ ಆರ್ಡರ್ ಅನ್ನುವ ಮಾತು ಕೋಳಿಗೂಡಿಂದಲೇ ಆಫೀಸಿಗೆ ಬಂದದ್ದು! ಕೋಳಿಗಳು ಒಬ್ಬರನ್ನೊಬ್ಬರು ಗುರುತು ಹಿಡಿಯುವುದು ಮುಖ್ಯವಾಗಿ ತಲೆ ಮತ್ತು ಜುಟ್ಟು ನೋಡಿ. ಕಾಯಿಲೆ ಬಿದ್ದ ಹೇಂಟೆಯ ಜುಟ್ಟು ಬಿಳಿಚಿ ಒಂದು ಕಡೆ ವಾಲಿರುತ್ತದೆ. ಅಂದರೆ ನಮಗೆ ಅವಳು ಹಳೇ ಬೂದಿ, ಉಳಿದ ಕೋಳಿಗಳಿಗೆ ಯಾರೋ ಹೊಸಬಳು. ಅದೂ ಕೈಲಾಗದವಳು.

ರಾತ್ರಿ ಕತ್ತಲಲ್ಲಿ ಮೆಲ್ಲಗೆ ತಂದು ಗಳದ ಮೇಲೆ ಕೂರಿಸುವುದು ಎರಡನೇ ದಾರಿ. ಕೇಳಿದವರೆಲ್ಲ ಮೊದಲು ಹೇಳುವುದು ಇದನ್ನೇ. ಬೆಳಗ್ಗೆ ಎದ್ದಾಗ ಇವಳು ಇಲ್ಲೇ ಇದ್ದಳು ಅಂತ ಉಳಿದವು ಅಂದುಕೊಳ್ಳುತ್ತವಂತೆ. ನನ್ನ ಕೋಳಿಗಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಅಂತ ಕಾಣುತ್ತದೆ. ಕತ್ತಲಲ್ಲಿ ಕೋಳಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಹಾಗಾಗಿ ರಾತ್ರಿ ತಣ್ಣಗೆ ಕಳೆಯುತ್ತದೆ, ನಿಜ. ಆದರೆ ಬೆಳಕು ಹರಿದ ಕೂಡಲೇ ಜಗಳ ಶುರು. ಅದೂ ಬಾಗಿಲು ಮುಚ್ಚಿದ ಇಕ್ಕಟ್ಟಿನ ಗೂಡಲ್ಲಿ, ಓಡಲು ಜಾಗವಿಲ್ಲದ ಕಡೆ, ನಾವಿನ್ನೂ ಹೊದ್ದು ಮಲಗಿರುವಾಗ. ಒಂದು ಸಲ ನಾನು ಅರ್ಧ ಗಂಟೆ ತಡವಾಗಿ ಎದ್ದೆ. ಹೋಗಿ ನೋಡಿದರೆ ನೆಲದ ತುಂಬ ಬೂದು ಬಣ್ಣದ ಪುಕ್ಕ.

ಈ ದಾರಿಯನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಬೇರೆ ದಾರಿಯ ಕೊನೇ ಹೆಜ್ಜೆಯಾಗಿ ಚೆನ್ನಾಗಿ ಕೆಲಸ ಮಾಡುತ್ತದೆ. ಇದೊಂದನ್ನೇ ನಂಬಿದರೆ ಬೆಳಕು ಹರಿಯುವ ಮೊದಲೇ ಹೋಗಿ ಬಾಗಿಲು ತೆಗೆಯಬೇಕು.

ಈಗ ನನ್ನ ಮೆಚ್ಚಿನ ದಾರಿ: ಜಾಲರಿ. ಕೋಳಿಗಳು ಓಡಾಡುವ ಜಾಗದಲ್ಲೇ ಒಂದು ಮೂಲೆಗೆ ಜಾಲರಿ ಕಟ್ಟಿ ಅವಳನ್ನು ಅದರೊಳಗೆ ಇಡುವುದು. ನೋಡಬಹುದು, ಮುಟ್ಟುವ ಹಾಗಿಲ್ಲ. ಮೊದಲ ಸಲ ಕೈಗೆ ಸಿಕ್ಕ ಅಗಲ ಕಿಂಡಿಯ ಜಾಲರಿ ಹಾಕಿದ್ದೆ. ಕೆಂಪಿ ಅದರೊಳಗೆ ಕತ್ತು ತೂರಿಸಿ ಕುಕ್ಕಿಯೇ ಬಿಟ್ಟಳು. ಆಮೇಲೆ ಅರ್ಧ ಇಂಚಿನ ಕಿಂಡಿಯದ್ದು ತಂದೆ. ಊಟದ ಬಟ್ಟಲುಗಳನ್ನು ಜಾಲರಿಯ ಎರಡೂ ಬದಿಗೆ, ಹತ್ತಿರ ಹತ್ತಿರ ಇಟ್ಟೆ. ತಿನ್ನಬೇಕಾದರೆ ಎದುರುಬದುರು ನಿಲ್ಲಲೇಬೇಕು. ಒಳಗಿನವಳಿಗೆ ನೆರಳು ಮತ್ತು ನೀರು ಮರೆಯಬೇಡಿ, ಅವಳು ಬೇರೆಲ್ಲೂ ಹೋಗುವ ಹಾಗಿಲ್ಲ.

ಎಷ್ಟು ದಿನ ಅಂತ ಕೇಳಬೇಡಿ, ಕೋಳಿಗಳೇ ಹೇಳುತ್ತವೆ. ಮೊದಲೆರಡು ದಿನ ಕೆಂಪಿ ಜಾಲರಿಯ ಉದ್ದಕ್ಕೂ ಪುಕ್ಕ ಕೆದರಿ ಅತ್ತಿಂದಿತ್ತ ಓಡಾಡಿದಳು. ನಾಲ್ಕನೇ ದಿನ ಆ ಕಡೆ ತಿರುಗಿಯೂ ನೋಡಲಿಲ್ಲ. ಆರನೇ ದಿನ ಮಧ್ಯಾಹ್ನ ಜಾಲರಿಗೆ ಒರಗಿಕೊಂಡೇ ಮಣ್ಣಲ್ಲಿ ಹೊರಳಾಡುತ್ತಿದ್ದಳು. ಒಳಬದಿಯಲ್ಲಿ ಬೂದಿಯೂ ಹಾಗೇ ಕಣ್ಣು ಮುಚ್ಚಿ ರೆಕ್ಕೆ ಹರವಿ ಬಿದ್ದಿದ್ದಳು. ಅವತ್ತು ಸಂಜೆ, ಗೂಡು ಸೇರಲು ಒಂದು ಗಂಟೆ ಇರುವಾಗ ಜಾಲರಿ ತೆಗೆದೆ. ಆ ಹೊತ್ತಿಗೆ ಎಲ್ಲರಿಗೂ ನಿದ್ದೆಯ ಧ್ಯಾನ, ಜಗಳಕ್ಕೆ ಪುರಸೊತ್ತಿರುವುದಿಲ್ಲ. ಎರಡು ಕುಕ್ಕು ಬಿದ್ದವು, ಬೂದಿ ತಲೆ ತಗ್ಗಿಸಿ ಪಕ್ಕಕ್ಕೆ ಸರಿದಳು. ಅಷ್ಟೇ. ಇಷ್ಟನ್ನು ತಡೆಯಲು ಹೋಗಬಾರದು, ಜಾಗ ಗೊತ್ತಾಗಬೇಕಲ್ಲ. ರಕ್ತ ಬಂದರೆ, ಅಥವಾ ಬಿದ್ದವಳನ್ನು ಏಳಲು ಬಿಡದೆ ಕುಕ್ಕುತ್ತಿದ್ದರೆ ಮಾತ್ರ ನಡುವೆ ಹೋಗಬೇಕು.

ಜಾಲರಿ ತೆಗೆದ ಮೇಲೆ ಊಟ, ನೀರು ಎರಡೆರಡು ಕಡೆ ಇಡಿ. ಒಂದರಿಂದ ಇನ್ನೊಂದು ಕಾಣಬಾರದು. ಒಂದು ಹಲಗೆಯನ್ನು ಗೋಡೆಗೆ ಒರಗಿಸಿ, ಹಿಂದೆ ಅವಿತುಕೊಳ್ಳಲು ಆಗಬೇಕು, ಆದರೆ ಎರಡೂ ಕಡೆ ತೆರೆದಿರಬೇಕು. ಒಂದೇ ಬಾಯಿಯ ಸಂದು ಇದ್ದರೆ ಬೂದಿಗೆ ಮೊದಲ ದಿನ ಆದ ಗತಿಯೇ.

ಜೊತೆಗಾತಿಯ ಉಪಾಯ ನನಗೆ ಅರ್ಧ ಮಾತ್ರ ಹಿಡಿಸಿತು. ಕಾಯಿಲೆಯವಳ ಜೊತೆ ಮೊದಲಿಂದಲೇ ಒಬ್ಬ ಸಾಧು ಹೇಂಟೆಯನ್ನು ಇಟ್ಟು, ಇಬ್ಬರನ್ನೂ ಒಟ್ಟಿಗೆ ವಾಪಸ್ ಬಿಡುವುದು. ಪೆಟ್ಟು ಇಬ್ಬರಿಗೂ ಹಂಚಿಹೋಗುತ್ತದೆ, ಒಳಗಿದ್ದಷ್ಟು ದಿನ ಬೇಜಾರೂ ಇಲ್ಲ. ಆದರೆ ನನ್ನ ಸಾಧು ಹೇಂಟೆ ಮೂರನೇ ದಿನ ಪಟ್ಟಿಯನ್ನೇ ಕಿತ್ತು ಗಾಯ ಕುಕ್ಕಲು ಶುರು ಮಾಡಿದಳು. ಅವಳಿಗೂ ಅಷ್ಟು ದಿನ ಹೊರಗಿದ್ದದ್ದಕ್ಕೆ ಗುಂಪಲ್ಲಿ ಜಾಗ ಹೋಯಿತು. ಅಂಟುವ ಕಾಯಿಲೆಯಾದರೆ ಈ ಉಪಾಯದ ಮಾತೇ ಎತ್ತಬಾರದು.

ಐದನೆಯದು ಕಡಿಮೆ ಜನ ಮಾಡುವ ದಾರಿ: ಬಂದವಳನ್ನಲ್ಲ, ಪುಂಡಿಯನ್ನು ಹೊರಗೆ ಹಾಕುವುದು. ಇನ್ನೊಂದು ಸಲ ಕರಿಯಿ ವಾಪಸ್ ಬಂದಾಗ ಕೆಂಪಿಯನ್ನು ಮೂರು ದಿನ ಬೇರೆ ಪಂಜರದಲ್ಲಿ, ಗುಂಪು ಕಣ್ಣಿಗೆ ಬೀಳದ ಕಡೆ ಇಟ್ಟೆ. ಉಳಿದ ಐವರು ಕರಿಯಿಯನ್ನು ಅರ್ಧ ದಿನದಲ್ಲೇ ಸೇರಿಸಿಕೊಂಡರು. ಕೆಂಪಿ ಹಿಂತಿರುಗಿದಾಗ ಅವಳದೇ ಜಾಗಕ್ಕೆ ಅವಳು ಹೊಡೆದಾಡಬೇಕಾಯಿತು. ನಾನು ನಿಂತು ನೋಡಿ ಸ್ವಲ್ಪ ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ. ಶ್ರಮ ಕಡಿಮೆ, ಫಲ ಬೇಗ. ಆದರೆ ಕಾಟ ಕೊಡುವವಳು ಒಬ್ಬಳೇ ಆಗಿದ್ದರೆ ಮಾತ್ರ. ಮೂವರು ಸೇರಿ ಅಟ್ಟಿಸಿಕೊಂಡು ಹೋಗುತ್ತಿದ್ದರೆ ಯಾರನ್ನು ಅಂತ ಹೊರಗೆ ಹಾಕುವುದು? ಜಾಲರಿಯೇ ಗತಿ.

ಯಾವ ದಾರಿಯಾದರೂ ಸರಿ, ಅವಸರ ಬೇಡ. ಗಾಯ ಪೂರ್ತಿ ಒಣಗಿರಬೇಕು. ಜುಟ್ಟಿಗೆ ಕೆಂಪು ಮರಳಿರಬೇಕು, ಕಾಳನ್ನು ಆಸೆಯಿಂದ ತಿನ್ನಬೇಕು, ಗಳಕ್ಕೆ ತಾನೇ ಹಾರಬೇಕು. ಎದೆಮೂಳೆ ಮುಟ್ಟಿ ನೋಡಿ, ಚಾಕುವಿನ ಹಾಗೆ ಚೂಪಾಗಿದ್ದರೆ ಇನ್ನೂ ಕೆಲವು ದಿನ ಒಳಗೇ ಇರಲಿ. ಮೂಗು ಸೋರುವುದು, ಗೊರ ಗೊರ ಉಸಿರಾಟ ಇದ್ದವಳಾದರೆ ಪಶುವೈದ್ಯರನ್ನು ಕೇಳದೆ ಬಿಡಲೇಬೇಡಿ. ಮೈಕೋಪ್ಲಾಸ್ಮಾ ಅನ್ನುವ ಉಸಿರಾಟದ ರೋಗಾಣು ತಗುಲಿದ ಕೋಳಿ ನೋಡಲು ಹುಷಾರಾದರೂ ರೋಗವನ್ನು ಒಳಗೇ ಇಟ್ಟುಕೊಂಡು ಉಳಿದವಕ್ಕೆ ಹಂಚುತ್ತಿರಬಹುದು. ಆಗ ಜಾಲರಿಯೂ ಅದನ್ನು ತಡೆಯುವುದಿಲ್ಲ.

ಆ ಜಾಲರಿಯನ್ನು ನಾನು ಆಮೇಲೆ ಬಿಚ್ಚಲೇ ಇಲ್ಲ. ತಿರುಗಣೆ ಹಾಕಿ ಬಾಗಿಲ ಹಾಗೆ ಮಾಡಿದ್ದೇನೆ. ಸದ್ಯ ಅದರ ಹಿಂದೆ ಚುಕ್ಕಿ ಕಾವು ಕೂತಿದ್ದಾಳೆ. ಹತ್ತಿರ ಹೋದರೆ ಕೆಂಪಿಗಿಂತ ಜೋರಾಗಿ ಗುರ್ ಅನ್ನುತ್ತಾಳೆ.