‘ಡೀಪ್ ಸ್ಪೇಸ್ ನೈನ್’ ಡಿವಿಡಿ ಸೆಟ್: ನಾಯಕರ ತಪ್ಪು, ಕಥೆಗಾರರ ತಪ್ಪು

‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ 1993ರಿಂದ 1999ರವರೆಗೆ ಅಮೆರಿಕದಲ್ಲಿ ಏಳು ಸೀಸನ್‌ಗಳಾಗಿ ಪ್ರಸಾರವಾದ ವೈಜ್ಞಾನಿಕ ಧಾರಾವಾಹಿ. ಅದರ ಪೂರ್ಣ ಡಿವಿಡಿ ಸೆಟ್ಟನ್ನು ತರಿಸಿಕೊಂಡು, ಕೊಪ್ಪಳದ ನಮ್ಮ ಮನೆಯಲ್ಲಿ ಅಣ್ಣನ ಮಕ್ಕಳೊಂದಿಗೆ ಕುಳಿತು ನೋಡಿ ಮುಗಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನೌಕೆಗಳ ಕಾಳಗ, ವಿಚಿತ್ರ ಮುಖದ ಅನ್ಯಗ್ರಹವಾಸಿಗಳು ಇದರಲ್ಲಿಯೂ ಉಂಟು. ಆದರೆ ಇದಕ್ಕೆ ಹಣ ಕೊಡಬಹುದು ಎಂದು ನಾನು ಹೇಳುವುದಕ್ಕೆ ಕಾರಣ ಬೇರೆ: ನಾವು ಮೆಚ್ಚಿಕೊಂಡ ನಾಯಕರ ತಪ್ಪುಗಳನ್ನು ಮುಚ್ಚಿಡದೆ ತೋರಿಸುವ ಎದೆಗಾರಿಕೆ ಈ ಧಾರಾವಾಹಿಗೆ ಬಹುಮಟ್ಟಿಗೆ ಇದೆ.

ಕಥೆ ನಡೆಯುವುದು ಡೀಪ್ ಸ್ಪೇಸ್ ನೈನ್ ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ. ಅಲ್ಲಿನ ಭದ್ರತಾಧಿಕಾರಿ ಓಡೋ ನ್ಯಾಯನಿಷ್ಠೆಗೆ ಹೆಸರಾದವನು. ನಿಲ್ದಾಣವೂ ಪಕ್ಕದ ಬಜೋರ್ ಗ್ರಹವೂ ಕಾರ್ಡೇಷಿಯನ್ನರು ಎಂಬ ಅನ್ಯಗ್ರಹವಾಸಿಗಳ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಅವನು ಆತುರದಿಂದ ನಡೆಸಿದ ತನಿಖೆಯ ಫಲವಾಗಿ ಮೂವರು ನಿರಪರಾಧಿಗಳಿಗೆ ಮರಣದಂಡನೆಯಾಗಿತ್ತು ಎಂಬುದು ಐದನೆಯ ಸೀಸನ್ನಿನಲ್ಲಿ ಬಯಲಾಗುತ್ತದೆ. ಅಂಥವರು ಇನ್ನೂ ಇದ್ದರೇ ಎಂದು ಬಜೋರ್‌ನವಳಾದ ಸಹೋದ್ಯೋಗಿ ಕೀರಾ ಕೇಳಿದಾಗ ಅವನಲ್ಲಿ ಖಚಿತವಾದ ಉತ್ತರವಿಲ್ಲ. ಹಾಗೆ ಕೇಳಿದ ಕೀರಾಳೂ ಹಿಂದೆ ಬಂಡಾಯಗಾರ್ತಿಯಾಗಿದ್ದಾಗ ಬಾಂಬಿಟ್ಟು ಕಾರ್ಡೇಷಿಯನ್ನರ ಮನೆಯೊಂದನ್ನು ಸಿಡಿಸಿದವಳು. ಆ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಆಳು ವಿಕಾರಗೊಂಡ ಮುಖ ಹೊತ್ತು ಎದುರಿಗೆ ನಿಂತಾಗಲೂ ಅವಳು ಕ್ಷಮೆ ಕೇಳುವುದಿಲ್ಲ. ಯಾರ ಪರ ನಿಲ್ಲಬೇಕೆಂದು ಧಾರಾವಾಹಿಯೂ ನಮಗೆ ಹೇಳಿಕೊಡುವುದಿಲ್ಲ.

ಎಲ್ಲರೂ ಹೊಗಳುವ ಕಂತು 1998ರ ‘ಇನ್ ದಿ ಪೇಲ್ ಮೂನ್‌ಲೈಟ್’. ಡೊಮಿನಿಯನ್ ಎಂಬ ಶತ್ರು ಸಾಮ್ರಾಜ್ಯದ ವಿರುದ್ಧದ ಯುದ್ಧದಲ್ಲಿ ಸೋಲುತ್ತಿರುವ ತನ್ನ ಪಕ್ಷಕ್ಕೆ, ಅದುವರೆಗೆ ತಟಸ್ಥರಾಗಿದ್ದ ರೊಮ್ಯುಲನ್ನರು ಎಂಬ ಅನ್ಯಗ್ರಹವಾಸಿಗಳನ್ನು ಎಳೆದುಕೊಳ್ಳಲು ನಿಲ್ದಾಣದ ಮುಖ್ಯಸ್ಥ ಕ್ಯಾಪ್ಟನ್ ಸಿಸ್ಕೋ ಸುಳ್ಳು ಸಾಕ್ಷ್ಯವನ್ನು ಸೃಷ್ಟಿಸುತ್ತಾನೆ, ಲಂಚ ಕೊಡುತ್ತಾನೆ. ಕೊನೆಗೆ ದರ್ಜಿಯ ವೇಷದ ಹಳೆಯ ಗೂಢಚಾರ ಗ್ಯಾರಕ್ ಮಾಡಿದ ಎರಡು ಕೊಲೆಗಳ ಲಾಭವನ್ನೂ ಸುಮ್ಮನೆ ಉಣ್ಣುತ್ತಾನೆ. ಇಡೀ ಕಂತು ಅವನು ಕ್ಯಾಮೆರಾದತ್ತ ಮುಖ ಮಾಡಿ ದಿನಚರಿಗೆ ಹೇಳಿಕೊಳ್ಳುವ ತಪ್ಪೊಪ್ಪಿಗೆಯ ರೂಪದಲ್ಲಿದೆ. ಇದರೊಂದಿಗೆ ಬದುಕಬಲ್ಲೆ ಎಂದು ಮತ್ತೆ ಮತ್ತೆ ತನಗೇ ಹೇಳಿಕೊಂಡು, ಆ ದಿನಚರಿಯನ್ನೇ ಅಳಿಸಿಬಿಡುತ್ತಾನೆ. ಸಿಸ್ಕೋ ಪಾತ್ರಧಾರಿ ಏವರಿ ಬ್ರೂಕ್ಸ್ ಅವರ ಅಭಿನಯ ಇಲ್ಲಿ ಕೊಂಚ ಭಾರವಾಯಿತು ಎನ್ನುವವರಿದ್ದಾರೆ. ಆ ಭಾರವಿಲ್ಲದಿದ್ದರೆ ಸಿಸ್ಕೋ ತನ್ನನ್ನೇ ನಂಬಿಸಿಕೊಳ್ಳಲು ಪಡುವ ಪಾಡು ನಮಗೆ ತಟ್ಟುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ನನಗೆ ಒಪ್ಪಿಗೆಯಾಗದ ಕಂತು ಇದಲ್ಲ, ಇದಕ್ಕಿಂತ ಒಂದು ವರ್ಷ ಹಿಂದಿನ ‘ಫಾರ್ ದಿ ಯೂನಿಫಾರ್ಮ್’. ನಂಬಿಸಿ ದ್ರೋಹವೆಸಗಿ, ಕಾರ್ಡೇಷಿಯನ್ನರ ವಿರುದ್ಧ ಹೋರಾಡುವ ಮಾಕಿ ಎಂಬ ಬಂಡಾಯಗಾರರನ್ನು ಸೇರಿದ ಎಡಿಂಗ್ಟನ್ ಎಂಬ ಅಧಿಕಾರಿಯನ್ನು ಹಿಡಿಯಲು ಸಿಸ್ಕೋ, ಮಾಕಿಗಳು ನೆಲೆಸಿದ್ದ ಒಂದು ಗ್ರಹದ ವಾತಾವರಣಕ್ಕೇ ವಿಷ ಬೆರೆಸುತ್ತಾನೆ. ಮುಂದಿನ 50 ವರ್ಷ ಮನುಷ್ಯರು ಅಲ್ಲಿ ಬಾಳುವಂತಿಲ್ಲ. ಎಡಿಂಗ್ಟನ್ ಅದಕ್ಕೆ ಮೊದಲು ಕಾರ್ಡೇಷಿಯನ್ನರ ನೆಲೆಯೊಂದಕ್ಕೆ ಇದನ್ನೇ ಮಾಡಿದ್ದನೆಂಬುದು ನಿಜ, ಜನರಿಗೆ ಹೊರಟುಹೋಗಲು ಸಮಯ ಸಿಕ್ಕಿತೆಂಬುದೂ ನಿಜ. ಆದರೆ ಕೊನೆಯ ದೃಶ್ಯದಲ್ಲಿ ಸಿಸ್ಕೋ ಮತ್ತು ಅವನ ಗೆಳತಿ ಡ್ಯಾಕ್ಸ್, ಮೇಲಧಿಕಾರಿಗಳ ಒಪ್ಪಿಗೆ ಪಡೆಯಲು ಮರೆತುಹೋಯಿತು ಎಂದು ತಮಾಷೆ ಮಾಡಿಕೊಳ್ಳುತ್ತಾರೆ. ತುಂಗಭದ್ರೆಯ ಹಿನ್ನೀರಿನಲ್ಲಿ ಹೊಲ, ಮನೆ, ಗುಡಿ ಎಲ್ಲವನ್ನೂ ಬಿಟ್ಟು ಎದ್ದುಬಂದ ಮನೆತನಗಳಿರುವ ನಮ್ಮ ಜಿಲ್ಲೆಯಲ್ಲಿ ಕುಳಿತು ಈ ನಗೆಯಲ್ಲಿ ಪಾಲ್ಗೊಳ್ಳುವುದು ಕಷ್ಟ. ಒಕ್ಕಲೆದ್ದವರು ಎಲ್ಲಿಗೆ ಹೋದರು, ಏನಾದರು ಎಂದು ಕಂತಿನೊಳಗೆ ಯಾರೂ ಗಂಭೀರವಾಗಿ ಕೇಳುವುದಿಲ್ಲ. ನಮ್ಮ ಬಯಲಾಟದಲ್ಲಿ ಎಂಥ ಚಕ್ರವರ್ತಿಯ ವೇಷ ರಂಗಕ್ಕೆ ಬಂದರೂ ತಡೆದು ನಿಲ್ಲಿಸಿ, ನೀವು ಯಾರು, ಬಂದ ಕಾರಣವೇನು ಎಂದು ಕೇಳಲು ಸಾರಥಿಯೊಬ್ಬನಿರುತ್ತಾನೆ. ಇಲ್ಲಿ ಸಾರಥಿಯ ಜಾಗ ಖಾಲಿಯಾಗಿದೆ. ಹಿಂದಿನ ಪ್ಯಾರಾದ ಸಿಸ್ಕೋ ತಪ್ಪು ಮಾಡಿದನೆಂಬುದು ಅವನಿಗೂ ಕಥೆಗಾರರಿಗೂ ಗೊತ್ತಿದೆ. ಈ ಸಿಸ್ಕೋನ ತಪ್ಪು ಕಥೆಗಾರರಿಗೇ ಕಂಡಂತಿಲ್ಲ. ಅಣ್ಣನ ಹಿರಿಯ ಮಗ ಮಾತ್ರ, ಎಡಿಂಗ್ಟನ್ ಸಿಕ್ಕಿಬಿದ್ದನಲ್ಲ ಕಾಕಾ, ಇನ್ನೇನು ಬೇಕು ಎಂದು ಇಂದಿಗೂ ವಾದಿಸುತ್ತಾನೆ.

ಸೆಟ್ಟಿನ ಬಗ್ಗೆ ಎರಡು ಮಾತು. ಚಿತ್ರೀಕರಣ ಫಿಲ್ಮಿನಲ್ಲಿ ಆಗಿದ್ದರೂ ಸಂಕಲನವನ್ನು ವಿಡಿಯೋ ಟೇಪಿನಲ್ಲಿ ಮುಗಿಸಿದ್ದರಿಂದ, ಇಂದಿನ ದೊಡ್ಡ ಟಿವಿಗಳಲ್ಲಿ ಚಿತ್ರ ಮಸುಕಾಗಿ ಕಾಣುತ್ತದೆ. ಹಳೆಯ ಟಿವಿಗಳ 4:3 ಅಳತೆಯ ಚಿತ್ರವಾದ್ದರಿಂದ ಎರಡೂ ಬದಿಯಲ್ಲಿ ಕಪ್ಪು ಪಟ್ಟಿಯೂ ಉಳಿಯುತ್ತದೆ. ನನಗೆ ಬಂದ ಪ್ರತಿಯಲ್ಲಿ ಕನ್ನಡ ಅಡಿಬರಹಗಳಿಲ್ಲ, ಆದ್ದರಿಂದ ಮನೆಯ ಹಿರಿಯರಿಗೆ ಯಾರಾದರೂ ಪಕ್ಕದಲ್ಲಿ ಕುಳಿತು ಹೇಳಬೇಕಾಗುತ್ತದೆ. ಮೊದಲ ಸೀಸನ್ ನಿಧಾನವಾಗಿದೆ. ಆರಂಭದ ಕಂತನ್ನು ತಪ್ಪದೆ ನೋಡಿ, ಉಳಿದವುಗಳಲ್ಲಿ ಆಯ್ದು ನೋಡಿದರೆ ನಷ್ಟವಿಲ್ಲ. ಐದು ಮತ್ತು ಆರನೆಯ ಸೀಸನ್‌ಗಳನ್ನು ಮಾತ್ರ ಕ್ರಮ ತಪ್ಪಿಸದೆ ನೋಡಬೇಕು: ವಿಷದ ಕಂತು ಮೊದಲು, ಸುಳ್ಳಿನ ಕಂತು ಆಮೇಲೆ.