ಶಿರಸಿ ಕಡೆ ಸೆಕೆಂಡ್‌ಹ್ಯಾಂಡ್ ಕಾರು: ವ್ಯಾಗನ್‌ಆರ್, ಸ್ವಿಫ್ಟ್ ಡೀಸೆಲ್, ಇಟಿಯೋಸ್ ಮೂರೂ ಓಡಿಸಿ ನೋಡಿದ್ಮೇಲೆ

ಮನೆಗೆ ಹಳೇ ಕಾರು ಹುಡುಕ್ತಾ ಇದ್ದೇವೆ ಅಂದ್ರೆ ಸಾಕು, ಮದುವೆ ಮನೆ ಪಂಕ್ತಿಲಿ ಕೂತೋರೂ ಹೇಳೋದು ಒಂದೇ, "ಡೀಸೆಲ್ ತಗೊ ಮಾರಾಯಾ, ಮೈಲೇಜ್ ಬರ್ತು". ವರ್ಷಕ್ಕೆ ಎಷ್ಟು ಓಡಿಸ್ತೆ ಅಂತ ಮಾತ್ರ ಯಾರೂ ಕೇಳಲ್ಲ. ನಮ್ದು ಶಿರಸಿ ಪೇಟೆಯಿಂದ ಒಳಗಿರೋ ಹಳ್ಳಿ, ವಾರಕ್ಕೆ ಒಂದೆರಡು ಸಲ ಪೇಟೆಗೆ, ಆಗಾಗ ದೇವಿಮನೆ ಘಟ್ಟ ಇಳಿದು ಕುಮಟಾ ಕಡೆ ನೆಂಟರ ಮನೆಗೆ, ಆಯಿನ (ಅಮ್ಮನ್ನ) ಡಾಕ್ಟರಿಗೆ ತೋರಿಸೋಕೆ ಯಾವಾಗಾದ್ರೂ ಹುಬ್ಬಳ್ಳಿ, ಇಷ್ಟೇ. ಎಲ್ಲಾ ಸೇರಿದ್ರೂ ವರ್ಷಕ್ಕೆ 8,000 ಕಿಮೀ ದಾಟೋದು ಕಷ್ಟ. ಕೆಳಗಿನ ಲೆಕ್ಕ ಎಲ್ಲಾ ಈ ಎಂಟು ಸಾವಿರದ ಮೇಲೇ ನಿಂತಿದೆ, ನಿಮ್ದು ಬೇರೆ ಇದ್ರೆ ಉತ್ತರಾನೂ ಬೇರೆ.

ಓಡಿಸಿದ್ದು ಮೂರು. ಭಾವನ ಹಳೇ ಶೇಪಿನ ವ್ಯಾಗನ್‌ಆರ್ ಪೆಟ್ರೋಲ್ (998 ಸಿಸಿ), ಚಿಕ್ಕಪ್ಪನ ಮಗನ ಸ್ವಿಫ್ಟ್ ಡೀಸೆಲ್ (1248 ಸಿಸಿ), ಆಮೇಲೆ ಪರಿಚಯದವರೊಬ್ಬರು ಮಾರಾಟಕ್ಕೆ ಇಟ್ಟಿದ್ದ ಇಟಿಯೋಸ್ ಡೀಸೆಲ್ (1364 ಸಿಸಿ). ಮೂರನ್ನೂ ಮನೆಯವರನ್ನ ತುಂಬ್ಕೊಂಡು ಘಟ್ಟ ಹತ್ತಿಸಿ ಇಳಿಸಿ, ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಅಳೆದಿದ್ದು, ಡ್ಯಾಶ್‌ಬೋರ್ಡ್ ತೋರಿಸೋ ನಂಬರ್ ಅಲ್ಲ. ವ್ಯಾಗನ್‌ಆರ್ ಲೀಟರ್‌ಗೆ 16 ಕಿಮೀ ಹತ್ರ ಕೊಡ್ತು, ಸ್ವಿಫ್ಟ್ 20, ಇಟಿಯೋಸ್ 19.

ಪೆಟ್ರೋಲ್ 104, ಡೀಸೆಲ್ 92 ಅಂತ ಹಿಡೀರಿ. ವ್ಯಾಗನ್‌ಆರ್‌ಗೆ ವರ್ಷಕ್ಕೆ 500 ಲೀಟರ್, 52,000 ರೂಪಾಯಿ. ಸ್ವಿಫ್ಟ್‌ಗೆ 400 ಲೀಟರ್, 36,800. ಇಟಿಯೋಸ್‌ಗೆ ಹತ್ರತ್ರ 39,000. ಅಂದ್ರೆ ಡೀಸೆಲ್‌ನಿಂದ ವರ್ಷಕ್ಕೆ 13ರಿಂದ 15 ಸಾವಿರ ಉಳಿತಾಯ, ಅದೇನು ಸಣ್ಣ ದುಡ್ಡಲ್ಲ, ಇಲ್ಲಿಗೇ ಲೆಕ್ಕ ನಿಲ್ಲಿಸಿದ್ರೆ ಡೀಸೆಲ್ಲೇ ಗೆದ್ದ ಹಾಗೆ.

ಆದ್ರೆ ನಮ್ಮ ಬಜೆಟ್ ಮೂರೂವರೆ ಲಕ್ಷ. ಆ ದುಡ್ಡಿಗೆ ನಾವು ನೋಡಿದ ಪೆಟ್ರೋಲ್ ಗಾಡಿಗಳು 40-50 ಸಾವಿರ ಓಡಿದ್ದು, ಡೀಸೆಲ್‌ಗಳು ಒಂದು ಲಕ್ಷ ಮೇಲೆ ಓಡಿ ನಾಲ್ಕೈದು ವರ್ಷ ಜಾಸ್ತಿ ಹಳೇದಾಗಿದ್ದು. ಡೀಸೆಲ್ ಇಂಜಿನ್ ಗಟ್ಟಿ ಹೌದು, ಅದ್ರಲ್ಲೂ ಸ್ವಿಫ್ಟ್‌ನ ಈ 1.3 ಫಿಯಟ್ ಇಂಜಿನ್ ರಿಟ್ಜ್, ಡಿಝೈರ್, ಟಾಟಾ ವಿಸ್ಟಾ ಎಲ್ಲದ್ರಲ್ಲೂ ಇದ್ದಿದ್ದಕ್ಕೆ ಯಾವ ಊರಿನ ಮೆಕ್ಯಾನಿಕ್‌ಗೂ ಗೊತ್ತು, ಟೈಮಿಂಗ್ ಬೆಲ್ಟ್ ಬದಲಿಸೋ ಖರ್ಚೂ ಇಲ್ಲ ಯಾಕಂದ್ರೆ ಚೈನ್. ಮಾರುತಿ 2020ರಲ್ಲಿ ಡೀಸೆಲ್ ಬಿಟ್ರೂ ಪಾರ್ಟ್ಸ್‌ಗೆ ತೊಂದರೆ ಕಾಣಲಿಲ್ಲ. ಭಯ ಇರೋದು ಇಂಜೆಕ್ಟರ್ (ಇಂಜಿನ್‌ಗೆ ಡೀಸೆಲ್ ಚಿಮ್ಮಿಸೋದು), ಟರ್ಬೋ (ಇಂಜಿನ್‌ಗೆ ಜಾಸ್ತಿ ಗಾಳಿ ತುಂಬೋದು), ಕ್ಲಚ್ ಈ ಮೂರರದ್ದು. ನಾಲ್ಕು ಇಂಜೆಕ್ಟರ್ ಹೊಸದು ಹಾಕೋಕೆ ನಮ್ಮ ಮೆಕ್ಯಾನಿಕ್ ಹೇಳಿದ ರೇಟು ಕೇಳಿದ್ರೆ ಮೂರು ವರ್ಷದ ಡೀಸೆಲ್ ಉಳಿತಾಯ ಒಂದೇ ಬಿಲ್ಲಿಗೆ ಹೋಗುತ್ತೆ. ಆಗೇ ಆಗುತ್ತೆ ಅಂತಲ್ಲ, ಆದ್ರೆ ಲಕ್ಷ ದಾಟಿದ ಗಾಡಿ ತಗೊಳ್ಳೋನು ಆ ದುಡ್ಡು ಪಕ್ಕಕ್ಕೆ ಇಟ್ಕೊಂಡೇ ತಗೋಬೇಕು.

ಚಿಲ್ಲರೆ ಖರ್ಚು ಬೇಗ ಹೇಳಿ ಮುಗಿಸ್ತೀನಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್ 2022ರಲ್ಲಿ ನಿಗದಿ ಮಾಡಿದ ದರದಲ್ಲಿ 1000 ಸಿಸಿ ಒಳಗೆ 2,094, 1500 ಸಿಸಿ ತನಕ 3,416, ಮೇಲೆ ಟ್ಯಾಕ್ಸ್. ಡೀಸೆಲ್ ಗಾಡಿಗೆ ಆಯಿಲ್, ಫಿಲ್ಟರ್ ಜಾಸ್ತಿ ಬೀಳುತ್ತೆ. 15 ವರ್ಷ ಆದ್ಮೇಲೆ ಆರ್‌ಸಿ (ಗಾಡಿ ನೋಂದಣಿ ಪತ್ರ) ರಿನ್ಯೂವಲ್ ಫೀ ಮೊದ್ಲು 600 ಇದ್ದಿದ್ದು 2022ರ ಏಪ್ರಿಲ್‌ನಿಂದ 5,000, ಹಾಗಾಗಿ 2012-13ರ ಗಾಡಿ ಅಗ್ಗ ಸಿಕ್ತು ಅಂತ ಹಿಗ್ಗೋ ಮೊದ್ಲು ಆರ್‌ಸಿ ಯಾವಾಗ ಮುಗಿಯುತ್ತೆ ಅಂತ ನೋಡಿ. ಕಾರವಾರದೋರು ಗೋವಾ ಗಾಡಿ ಅಗ್ಗ ಅಂತಾರೆ, ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ ಕರ್ನಾಟಕದ ನಂಬರ್ ಹಾಕಿಸೋವಷ್ಟರಲ್ಲಿ ಆ ಅಗ್ಗ ಎಲ್ಲಿ ಉಳಿಯುತ್ತೆ?

ಈಗ ಓಡಿಸೋ ವಿಷಯ. ದೇವಿಮನೆಲಿ ಮೇಲೆ ಬರುವಾಗ ಸ್ವಿಫ್ಟ್ ಆರಾಮ, ಟರ್ಬೋ ಎದ್ದ ಮೇಲೆ ಲಾರಿ ಹಿಂದೆ ಹಾಕೋದು ಲೆಕ್ಕಕ್ಕೇ ಇಲ್ಲ. ವ್ಯಾಗನ್‌ಆರ್ ಐದು ಜನ, ಏಸಿ, ಡಿಕ್ಕಿಲಿ ತೆಂಗಿನಕಾಯಿ ಚೀಲ ಇದ್ರೆ ತಿರುವು ತಿರುವಿಗೂ ಸೆಕೆಂಡ್ ಗೇರು, ಭಾವ ಅಂತೂ ಘಟ್ಟ ಶುರುವಾಗ್ತಿದ್ದಂಗೆ ಏಸಿ ಆಫ್ ಮಾಡಿ ಕಿಟಕಿ ಇಳಿಸ್ತಾನೆ. ಇಟಿಯೋಸ್ ಡಿಕ್ಕಿ 595 ಲೀಟರ್, ಊರಿಂದ ಹೊರಟ್ರೆ ಹಲಸಿನಕಾಯಿ, ಬಾಳೆಗೊನೆ, ಬ್ಯಾಗು ಎಲ್ಲಾ ಒಳಗೆ. ಆದ್ರೆ ಆಯಿ ಮೊಣಕಾಲು ನೋವಿನವರು, ಇಟಿಯೋಸ್‌ಗೆ ತಗ್ಗಿ ಇಳಿದು ಕೂರಬೇಕು, ಸ್ವಿಫ್ಟ್ ಹಿಂದಿನ ಸೀಟು ಕತ್ತಲೆ ಕೋಣೆ, ವ್ಯಾಗನ್‌ಆರ್ ಒಂದರಲ್ಲಿ ಮಾತ್ರ ಕುರ್ಚಿ ಮೇಲೆ ಕೂತಂಗೆ ಕೂತ್ರು. ಹಾಂ, ಇಟಿಯೋಸ್ ನೋಡೋರು ಅದು ಮೊದ್ಲು ಹಳದಿ ಬೋರ್ಡ್ ಇತ್ತಾ ಅಂತ ತಿಳ್ಕೊಳ್ಳಿ, ಟ್ಯಾಕ್ಸಿಯಾಗಿ ಓಡಿದ್ದು ಬಹಳ, ಮೀಟರ್ 80 ಸಾವಿರ ತೋರಿಸಿ ಸ್ಟೇರಿಂಗ್, ಪೆಡಲ್ ರಬ್ಬರ್ ನುಣ್ಣಗೆ ಸವೆದಿದ್ರೆ ಮೀಟರ್ ನಂಬಬೇಡಿ.

ಇನ್ನೊಂದು, ನಮ್ಮ ಜಿಲ್ಲೆಲಿ ಮೈಲೇಜಿಗಿಂತ ದೊಡ್ಡ ಖರ್ಚು ತುಕ್ಕು. ಕಡಲ ಬದಿಯಿಂದ ಬಂದ ಗಾಡಿ ಒಂದು ನೋಡಿದ್ವಿ, ಹೊರಗೆ ಪಾಲಿಶ್ ಹೊಡೆದು ಫಳಫಳ. ಡಿಕ್ಕಿ ಕಾರ್ಪೆಟ್ ಎತ್ತಿ ಸ್ಟೆಪ್ನಿ ತೆಗೆದ್ರೆ ಗುಂಡಿಲಿ ಕೆಂಪು ನೀರು, ಅದರಡಿ ಮರಳು, ಬೆರಳಿಂದ ಒತ್ತಿದ್ರೆ ತಗಡು ಹಪ್ಪಳದಂಗೆ ಎದ್ದು ಬಂತು. ಬಾಗಿಲ ಕೆಳ ಅಂಚು, ಸೈಲೆನ್ಸರ್, ಲೋವರ್ ಆರ್ಮ್ ಎಲ್ಲಾ ಅದೇ ಕಥೆ. ಉಪ್ಪು ಗಾಳಿ ತಿಂದ ಗಾಡಿಗೆ ಟಿಂಕರಿಂಗ್, ಪೇಂಟಿಂಗ್ ಅಂತ ಶುರು ಮಾಡಿದ್ರೆ ಮುಗಿಯಲ್ಲ. ಘಟ್ಟದ ಮೇಲಿನ ಗಾಡಿಗಳಿಗೆ ರೋಗ ಬೇರೆ, ಮಣ್ಣು ರಸ್ತೆಗೆ ಬುಶ್, ಲಿಂಕ್ ರಾಡ್ ಅಂತ ಸಸ್ಪೆನ್ಶನ್ ಸಾಮಾನು ಸವೆದಿರುತ್ತೆ, ಕೊಟ್ಟಿಗೆಲಿ ನಿಂತಿದ್ರೆ ಇಲಿ ವೈರ್ ಕಡಿದಿರುತ್ತೆ. ಆದ್ರೂ ಬುಶ್ ಬದಲಿಸಬಹುದು, ಬಾಡಿ ಬದಲಿಸೋಕಾಗಲ್ಲ.

ನಾವು ತಗೊಂಡಿದ್ದು ವ್ಯಾಗನ್‌ಆರ್, ಆದ್ರೆ 2019ರ ನಂತರದ ಶೇಪು, 1.2 ಇಂಜಿನ್. ಬಜೆಟ್ ಸ್ವಲ್ಪ ಮೇಲೆ ಹೋಯ್ತು, ಆದ್ರೆ ಡಿಕ್ಕಿ 341 ಲೀಟರ್ ಇದೆ, ಘಟ್ಟದಲ್ಲಿ ಏಸಿ ಆಫ್ ಮಾಡೋ ಕೆಲಸ ಇಲ್ಲ. ನೀವು ವಾರಾ ವಾರಾ ಹುಬ್ಬಳ್ಳಿಗೆ ಹೋಗೋರು, ವರ್ಷಕ್ಕೆ 20,000 ಓಡಿಸೋರು ಅಂದ್ರೆ ನನ್ನ ಮಾತು ಕೇಳಬೇಡಿ, ಅದೇ ರೇಟಲ್ಲಿ ಪೆಟ್ರೋಲ್‌ಗೂ ಸ್ವಿಫ್ಟ್ ಡೀಸೆಲ್‌ಗೂ ವರ್ಷಕ್ಕೆ 38,000 ವ್ಯತ್ಯಾಸ ಬರುತ್ತೆ, ಒಳ್ಳೇ ಡೀಸೆಲ್ ಹುಡುಕಿ.

ವ್ಯಾಪಾರ ಕುದುರೋ ಮೊದ್ಲು ಟೈರ್ ಮೇಲಿನ ನಾಲ್ಕು ಅಂಕಿ ಓದಿ, 1519 ಇದ್ರೆ 2019ರ 15ನೇ ವಾರದ್ದು, ಟೈರಿನ ಗೀರು ಎಷ್ಟೇ ಆಳ ಇದ್ರೂ ಮಳೆಗಾಲಕ್ಕೆ ಆಗಲ್ಲ, ನಾಲ್ಕು ಟೈರಿನ ದುಡ್ಡು ರೇಟಿಂದ ಕಳೆಯಿರಿ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ, ಮಾರಿದವರ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಅವರ ಜೊತೆಗೇ ಹೋಗುತ್ತೆ, ಅದನ್ನ ಸೇರಿಸಿ ಪ್ರೀಮಿಯಂ ಕಮ್ಮಿ ತೋರಿಸಿದ್ರೆ ನಂಬಬೇಡಿ.