ಇಡೀ ದಿನ ಕುತ್ತಿಗೆಯಲ್ಲೇ ಇರಬಲ್ಲ ಲೆನ್ಸ್: ಕ್ಯಾನನ್ 55-250 ಎಸ್‌ಟಿಎಂ

ಬೆಳಿಗ್ಗೆ ಹೊರಟು ಸಂಜೆ ಮರಳುವ ತಿರುಗಾಟದಲ್ಲಿ ಎಷ್ಟು ಒಳ್ಳೆಯ ಫೋಟೊ ಸಿಗುತ್ತದೆ ಎಂಬುದು ಚೀಲದ ತೂಕದ ಮೇಲೂ ನಿಂತಿದೆ. 150-600 ಮಿ.ಮೀ. ಜೂಮ್ ಲೆನ್ಸ್ ಒಂದೇ ಸುಮಾರು 2 ಕೆ.ಜಿ. ಇರುತ್ತದೆ. ಏರುದಾರಿ ಬಂದ ಕೂಡಲೇ ಅದು ಚೀಲ ಸೇರುತ್ತದೆ, ಮತ್ತೆ ಹೊರತೆಗೆಯುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ. 2013ರಲ್ಲಿ ಬಂದ ಕ್ಯಾನನ್ ಇಎಫ್-ಎಸ್ 55-250 ಮಿ.ಮೀ. ಎಫ್/4-5.6 ಐಎಸ್ ಎಸ್‌ಟಿಎಂ ಲೆನ್ಸಿನ ತೂಕ ಬರೀ 375 ಗ್ರಾಂ. ಇದನ್ನು ಇವತ್ತಿಗೂ ಶಿಫಾರಸು ಮಾಡಲು ಮೊದಲ ಕಾರಣ ಇದೇ.

ಎಪಿಎಸ್-ಸಿ, ಅಂದರೆ ಫುಲ್ ಫ್ರೇಮಿಗಿಂತ (ಹಳೆಯ 35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರ್) ಚಿಕ್ಕ ಸೆನ್ಸರಿನ ಕ್ಯಾಮೆರಾಗಳಿಗೆಂದು ಮಾಡಿದ ಲೆನ್ಸ್ ಇದು. ಜೂಮನ್ನು ಕೊನೆಯ 250 ಮಿ.ಮೀ.ಗೆ ಇಟ್ಟಾಗ ಕಾಣುವ ನೋಟ ಫುಲ್ ಫ್ರೇಮಿನ 400 ಮಿ.ಮೀ.ಗೆ ಸಮ. ಹಾಗೆಂದು ಹಕ್ಕಿ ಫ್ರೇಮ್ ತುಂಬುತ್ತದೆ ಎಂದುಕೊಳ್ಳಬೇಡಿ. 10 ಮೀಟರ್ ದೂರದಲ್ಲಿ ಫ್ರೇಮಿನ ಅಗಲ ಸುಮಾರು 90 ಸೆಂ.ಮೀ. ಆಗುತ್ತದೆ, 15 ಸೆಂ.ಮೀ. ಉದ್ದದ ಗುಬ್ಬಚ್ಚಿ ಅದರಲ್ಲಿ ಆರನೇ ಒಂದು ಪಾಲು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಹಕ್ಕಿಯ ಉದ್ದಕ್ಕೆ ಸಿಗುವುದು ಸುಮಾರು ಸಾವಿರ ಪಿಕ್ಸೆಲ್. ಕ್ರಾಪ್ ಮಾಡಿ ಫೋನಿನಲ್ಲಿ ನೋಡಲು ಅಷ್ಟು ಸಾಕು, ದೊಡ್ಡ ಪ್ರಿಂಟಿಗೆ ಸಾಲದು. 5 ಮೀಟರಿಗೆ ಬಂದರೆ ಅದೇ ಹಕ್ಕಿ ಮೂರನೇ ಒಂದು ಪಾಲಾಗುತ್ತದೆ. ಆದ್ದರಿಂದ ಹಕ್ಕಿಯ ಬೆನ್ನು ಹತ್ತುವುದನ್ನು ಬಿಟ್ಟು, ನೀರಿನ ಅಂಚಿನಲ್ಲೋ ಹಣ್ಣು ಬಿಟ್ಟ ಮರದ ಹತ್ತಿರವೋ ಅಲುಗಾಡದೆ ಕುಳಿತು ಅದೇ ಬರಲಿ ಎಂದು ಕಾಯಿರಿ. ಗೂಡಿನ ಹತ್ತಿರ ಮಾತ್ರ ಬೇಡ. ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸುವ, ನೋಟವನ್ನು ಹಿಗ್ಗಿಸುವ ಗಾಜು) ಹಾಕಿ ದೂರ ಹೆಚ್ಚಿಸಿಕೊಳ್ಳೋಣವೆಂದರೆ, ಕ್ಯಾನನ್‌ನ ಕನ್ವರ್ಟರ್‌ಗಳು ಇದಕ್ಕೆ ಕೂರುವುದೇ ಇಲ್ಲ.

ಈ ಲೆನ್ಸಿನ ನಿಜವಾದ ಸೊಗಸು ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಹೂವುಗಳಲ್ಲಿದೆ. ಸೆನ್ಸರಿನಿಂದ 85 ಸೆಂ.ಮೀ. ದೂರದವರೆಗೂ ಫೋಕಸ್ ಆಗುತ್ತದೆ. 250ರಲ್ಲಿ ಆಗ ಸಿಗುವ ಮ್ಯಾಗ್ನಿಫಿಕೇಶನ್ 0.29, ಅಂದರೆ ಸುಮಾರು 77 ಮಿ.ಮೀ. ಅಗಲದ ಜಾಗ ಇಡೀ ಫ್ರೇಮನ್ನು ತುಂಬುತ್ತದೆ. ಲೆನ್ಸಿನ ಮೂತಿಗೂ ಚಿಟ್ಟೆಗೂ ನಡುವೆ ಅರ್ಧ ಮೀಟರಿಗೂ ಹೆಚ್ಚು ಅಂತರ ಉಳಿಯುವುದರಿಂದ ಅದು ಬೆದರುವುದು ಕಡಿಮೆ. ಇಲ್ಲಿ ಕೆಡುವುದು ಡೆಪ್ತ್ ಆಫ್ ಫೀಲ್ಡ್. ಇಷ್ಟು ಹತ್ತಿರದಲ್ಲಿ ಎಫ್/5.6ಕ್ಕೆ (ಇದು ಅಪರ್ಚರ್ ಎಂಬ ಬೆಳಕಿನ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) ಸ್ಪಷ್ಟವಾಗಿ ಬರುವ ಆಳ ಸುಮಾರು 3 ಮಿ.ಮೀ., ಎಫ್/11ಕ್ಕೆ ಹೋದರೂ 6-7 ಮಿ.ಮೀ. ಅಷ್ಟೆ. ರೆಕ್ಕೆ ಮಡಚಿ ಕುಳಿತ ಚಿಟ್ಟೆಯ ಪಕ್ಕಕ್ಕೆ ಸರಿದು, ರೆಕ್ಕೆಗೂ ಸೆನ್ಸರಿಗೂ ಒಂದೇ ನೇರ ಬರುವಂತೆ ನಿಂತರೆ ತುದಿಯಿಂದ ತುದಿಗೆ ಚೂಪಾಗಿ ಬರುತ್ತದೆ. ಓರೆಯಾಗಿ ನಿಂತು ತೆಗೆದರೆ ಕಣ್ಣು ಸರಿಯಿದ್ದು ರೆಕ್ಕೆ ಮಸುಕಾಗಿರುತ್ತದೆ. ಫೋಕಸ್ ಲಾಕ್ ಮಾಡಿ, ಮೈಯನ್ನು ತುಸು ಹಿಂದೆ ಮುಂದೆ ತೂಗುತ್ತಾ ನಾಲ್ಕೈದು ಶಾಟ್ ತೆಗೆಯಿರಿ, ಒಂದಾದರೂ ಸರಿಯಾಗಿರುತ್ತದೆ.

ಕೊರತೆ ಕಾಣುವುದು ಬೆಳಕಿನಲ್ಲಿ. ಬಟಾಬಯಲಿನ ಬಿಸಿಲಲ್ಲಿ ಎಫ್/5.6, ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಎಂಬ ಅಳತೆ) 400ಕ್ಕೆ 1/3200 ಸೆಕೆಂಡಿನ ಶಟರ್ ವೇಗ ಆರಾಮಾಗಿ ಸಿಗುತ್ತದೆ. ದಟ್ಟ ಮರಗಳ ಕೆಳಗೆ ಬೆಳಕು ಆರು ಸ್ಟಾಪಿನಷ್ಟು ಇಳಿಯಬಹುದು (ಒಂದು ಸ್ಟಾಪ್ ಇಳಿಯಿತೆಂದರೆ ಬೆಳಕು ಅರ್ಧವಾಯಿತು). ಆಗ ಐಎಸ್‌ಒ 3200ಕ್ಕೆ ಏರಿಸಿದರೂ ದಕ್ಕುವುದು 1/400. ಕುಳಿತ ಹಕ್ಕಿಗೆ ಅದು ನಡೆಯುತ್ತದೆ. ಹಾರುವ ಹಕ್ಕಿಗೆ 1/1600 ಆದರೂ ಬೇಕು. ಇದರ ಸ್ಟೆಬಿಲೈಸರ್ (ಐಎಸ್) 3.5 ಸ್ಟಾಪಿನಷ್ಟು ನೆರವಾಗುತ್ತದೆ ಎಂದು ಕಂಪನಿ ಹೇಳುತ್ತದೆ. ಅದು ತಡೆಯುವುದು ನಮ್ಮ ಕೈನಡುಕವನ್ನು, ಹಕ್ಕಿಯ ಕತ್ತಿನ ಚಲನೆಯನ್ನಲ್ಲ. ಮಸುಕಾದ ಹಕ್ಕಿ ಫೋಟೊಗಳಲ್ಲಿ ಬಹುಪಾಲು ಈ ವ್ಯತ್ಯಾಸ ತಿಳಿಯದೆ ನಿಧಾನ ಶಟರಿನಲ್ಲಿ ತೆಗೆದವು.

ಮಧ್ಯಾಹ್ನದ ಮೇಲೆ ದೂರದ್ದೆಲ್ಲ ಕಲಸಿದಂತೆ ಬಂದರೆ ಲೆನ್ಸನ್ನು ದೂರಬೇಡಿ. ಕಾದ ನೆಲದಿಂದ ಏಳುವ ಬಿಸಿ ಗಾಳಿ ನೋಟವನ್ನೇ ಅಲುಗಾಡಿಸುತ್ತಿರುತ್ತದೆ, ಎಷ್ಟು ದುಬಾರಿ ಗಾಜಿನಿಂದಲೂ ಅದಕ್ಕೆ ಪರಿಹಾರವಿಲ್ಲ. ಆ ಹೊತ್ತನ್ನು ಹತ್ತಿರದ ಹುಳುಹುಪ್ಪಟೆಗೆ ಮೀಸಲಿಡಿ.

ಎಸ್‌ಟಿಎಂ ಎಂಬ ಫೋಕಸ್ ಮೋಟಾರಿನಿಂದ ಸದ್ದೇ ಬರುವುದಿಲ್ಲ ಎನ್ನಬಹುದು. ಆದರೆ ಹತ್ತಿರದ ಎಲೆಯಿಂದ ದೂರದ ಹಕ್ಕಿಗೆ ಹೋಗುವಾಗ ಫೋಕಸ್ ಹಿಂದೆ ಮುಂದೆ ತಡಕಾಡುವುದುಂಟು. ಹಕ್ಕಿಯಷ್ಟೇ ದೂರದ ದಪ್ಪ ಕೊಂಬೆಗೆ ಮೊದಲು ಫೋಕಸ್ ಮಾಡಿ, ಆಮೇಲೆ ಹಕ್ಕಿಗೆ ತಿರುಗಿಸಿದರೆ ತಟ್ಟನೆ ಹಿಡಿಯುತ್ತದೆ. ಫೋಕಸ್ ರಿಂಗ್ ಎಲೆಕ್ಟ್ರಾನಿಕ್ ಆದ್ದರಿಂದ ಕ್ಯಾಮೆರಾ ಆಫ್ ಇದ್ದಾಗ ತಿರುಗಿಸಿ ಪ್ರಯೋಜನವಿಲ್ಲ.

ಕ್ಯಾಮೆರಾಕ್ಕೆ ಕೂರುವ ಭಾಗ, ಅಂದರೆ ಮೌಂಟ್, ಪ್ಲಾಸ್ಟಿಕ್ಕಿನದು, ಮಳೆ-ಧೂಳಿಗೆ ಸೀಲ್ ಇಲ್ಲ. ಹನಿ ಬಿದ್ದರೆ ಮುಚ್ಚಲು ಒಂದು ಪ್ಲಾಸ್ಟಿಕ್ ಕವರ್ ಜೇಬಿನಲ್ಲಿರಲಿ. ಲೆನ್ಸಿನ ಮುಂದೆ ಸಿಕ್ಕಿಸುವ ಇಟಿ-63 ಹುಡ್ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬೇರೆ ಕೊಳ್ಳಬೇಕು. ಖಂಡಿತ ಕೊಳ್ಳಿ, ಮುಳ್ಳುಕಂಟಿ ತಾಗದಂತೆ ಗಾಜನ್ನು ಕಾಯುವುದೂ ಅದೇ. ಫಿಲ್ಟರ್ ಅಳತೆ 58 ಮಿ.ಮೀ. ಫೋಕಸ್ ಆಗುವಾಗ ಮುಂಭಾಗ ತಿರುಗದ ಕಾರಣ ತಿರುಗಿಸಿ ಹೊಂದಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ಹೊಂದಿಸಿದಂತೆಯೇ ಉಳಿಯುತ್ತದೆ. ಒದ್ದೆ ಎಲೆಯ ಮಿರುಗು ಕಳೆಯಲು ಅದು ಬಹಳ ಚೆನ್ನ, ಆದರೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುವುದರಿಂದ ಹಕ್ಕಿಗೆ ತಿರುಗುವ ಮುನ್ನ ಬಿಚ್ಚಿಡಿ.

ಕ್ಯಾನನ್‌ನ ಫುಲ್ ಫ್ರೇಮ್ ಡಿಎಸ್ಎಲ್ಆರ್‌ಗಳಿಗೆ ಇದು ಹೊಂದುವುದಿಲ್ಲ. ಮಿರರ್‌ಲೆಸ್ ಆರ್ ಸರಣಿಯಲ್ಲಿ ಅಡಾಪ್ಟರ್ ಬೇಕು. ಬಾಡಿ ಫುಲ್ ಫ್ರೇಮ್ ಆಗಿದ್ದರೆ ಚಿತ್ರ ಕ್ರಾಪ್ ಆಗಿ 24 ಮೆಗಾಪಿಕ್ಸೆಲ್ ಸುಮಾರು 9ಕ್ಕೆ ಇಳಿಯುತ್ತದೆ. ಆರ್‌ಎಫ್-ಎಸ್ 55-210 ಎಂಬ, ಆರ್ ಸರಣಿಗೇ ಮಾಡಿದ ಲೆನ್ಸ್ ಇನ್ನೂ ಹಗುರ, 270 ಗ್ರಾಂ. ಆದರೆ ಅದು 210ಕ್ಕೇ ನಿಲ್ಲುತ್ತದೆ, ಅಲ್ಲಿ ಅಪರ್ಚರ್ ಎಫ್/7.1. ಮರದ ನೆರಳಿನಲ್ಲಿ ಹೆಚ್ಚು ಓಡಾಡುವವರಿಗೆ ಅಡಾಪ್ಟರಿನ ಭಾರ ಹೊತ್ತರೂ 55-250 ಮೇಲು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಲೆನ್ಸಿನ ಮೇಲೆ ಎಸ್‌ಟಿಎಂ ಎಂದು ಬರೆದಿದೆಯೇ ನೋಡಿ. ಅದಕ್ಕೂ ಹಿಂದಿನ ಐಎಸ್ II ಮಾದರಿಯಲ್ಲಿ ಫೋಕಸ್ ಮಾಡುವಾಗ ಮುಂಭಾಗ ತಿರುಗುತ್ತದೆ, 1.1 ಮೀಟರಿಗಿಂತ ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ. ಕ್ಯಾಪ್‌ಗಳೆರಡನ್ನೂ ತೆಗೆದು ಒಂದು ಕಡೆಯಿಂದ ಟಾರ್ಚ್ ಹಾಯಿಸಿ, ಒಳಗೆ ಜೇಡನ ಬಲೆಯ ಎಳೆಗಳಂತೆ ಕಂಡರೆ ಅದು ಫಂಗಸ್, ಕೊಳ್ಳಬೇಡಿ. ಕ್ಯಾಮೆರಾಕ್ಕೆ ಹಾಕಿ 250ರಲ್ಲಿ 1/60 ಸೆಕೆಂಡಿಗೆ, ಸ್ಟೆಬಿಲೈಸರ್ ಆನ್ ಮಾಡಿ ಒಂದಿಷ್ಟು, ಆಫ್ ಮಾಡಿ ಒಂದಿಷ್ಟು ಫೋಟೊ ತೆಗೆದು ಹೋಲಿಸಿ. ಎರಡೂ ಒಂದೇ ಥರ ಮಸುಕಾಗಿದ್ದರೆ ಸ್ಟೆಬಿಲೈಸರ್ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು.